ಎಡಪಟ್ಟಿಯ ಒಂದು ಕೊಂಡಿ

ಬಲು ಹಿಂದಿನ ಕಾಲದ ಮಾತು. ಬೆಟ್ಟದ ಸಾಲಿನಾಚೆ ಉಕ್ಕಿನಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಯುದ್ಧಕ್ಕೆ ಆನೆಯಿಲ್ಲ, ಕುದುರೆಯಿಲ್ಲ, ಉಕ್ಕಿನಾಮೆಗಳು ಹೋಗುತ್ತಿದ್ದವು. ಮನೆಯಷ್ಟು ದೊಡ್ಡ ಮೈ, ಹಣೆಯಲ್ಲೊಂದು ಫಿರಂಗಿ. ಕಾಲಿನ ಬದಲು ಎರಡೂ ಬದಿಗೆ ಗಾಲಿಗಳ ಸಾಲು, ಗಾಲಿಗಳ ಸುತ್ತ ಕೊಂಡಿಗೆ ಕೊಂಡಿ ಪೋಣಿಸಿದ ಕಬ್ಬಿಣದ ಪಟ್ಟಿ. ಪಟ್ಟಿ ಸುತ್ತಿದರೆ ಆಮೆ ನಡೆಯುತ್ತಿತ್ತು.

ಕಮ್ಮಾರಗೇರಿಯ ಓಬಯ್ಯ ಅಂಥದೊಂದು ಆಮೆ ನಡೆಸುವವನು. ಅವನಿಗೆ ತಾಯಿಯಿಲ್ಲದ ಮಗಳೊಬ್ಬಳು, ಕೆಂಚವ್ವ. ದಿನಾ ಬುತ್ತಿ ಒಯ್ದು ಕೊಟ್ಟು, ಗಾಲಿಯ ಮೇಲೆ ಜೋತ ಪಟ್ಟಿಯ ಸಂದಿಗೆ ಕೈ ತೂರಿಸಿ ಆಡುವಳು. "ಬೆರಳು ಜೋಪಾನ ಮಗಾ" ಅನ್ನುವನು ಅಪ್ಪ. ಒಮ್ಮೆ ಸವೆದ ಕೊಂಡಿಯೊಂದನ್ನು ಮನೆಗೆ ತಂದುಕೊಟ್ಟಿದ್ದ. ಅದರಲ್ಲೇ ಅವಳು ಶುಂಠಿ ಜಜ್ಜುತ್ತಿದ್ದಳು.

ಗಡಿಯ ಜೌಗಿನಲ್ಲಿ ಕೆಸರಪ್ಪ ಎಂಬ ಮಾಂತ್ರಿಕನಿದ್ದ. ಒಂದು ದಿನ ಅವನು ಆಮೆಯನ್ನು ಓಬಯ್ಯನ ಸಮೇತ ಕೆಸರಿನೊಳಕ್ಕೆ ಎಳೆದುಕೊಂಡುಬಿಟ್ಟ. ಕೆಂಚವ್ವ ಓಡಿಬಂದು ದಡದಲ್ಲಿ ನಿಂತಳು. ಕೆಸರಿನ ತಳದಿಂದ ದನಿ ಬರುತ್ತಿತ್ತು:

"ನಾನು ಓಬಯ್ಯ. ಕಮ್ಮಾರಗೇರಿಯವನು. ಕೆಂಚಿಯ ಅಪ್ಪ."

"ಅಪ್ಪನ್ನ ಬಿಟ್ಟುಬಿಡು" ಅಂದಳು.

"ಬಿಡ್ತೀನಿ ಕಣವ್ವ" ಅಂದ ಕೆಸರಪ್ಪ. "ಅಂಗೈಯಗಲದ ಆಮೆಯೊಂದನ್ನು ತಂದು ನನ್ನ ಅಂಗೈ ಮೇಲೆ ನಡೆಸು. ನಿಮ್ಮಪ್ಪನ ಆಮೆಯ ಹಾಗೇ ನಡೆದರೆ ಅದರ ಹಿಂದೆ ಇದೂ ಎದ್ದುಬರುತ್ತೆ. ತಪ್ಪಿದರೆ, ಒಂದೊಂದು ಸಲಕ್ಕೂ ನಿಮ್ಮಪ್ಪ ಒಂದೊಂದು ಮರೀತಾನೆ."

ಅವಳ ಅಳು ಕಂಡು ಅರಮನೆಯ ಬಡಗಿ ಮನಸ್ಸು ಕರಗಿ ಪುಟ್ಟ ಆಮೆಯನ್ನು ಮಾಡಿಕೊಟ್ಟ. ಮೈ ಅದೇ, ಫಿರಂಗಿ ಅದೇ, ತಗ್ಗುಬಿದ್ದ ಮೂಲೆಯೂ ಅದೇ. ಪಟ್ಟಿ ಮಾತ್ರ ತೊಗಲಿನದು, ಬಳೆಯ ಹಾಗೆ ಒಂದೇ ತುಂಡು. ಕೆಂಚವ್ವ ಅದನ್ನೇ ತೊಡಿಸಿ ಒಯ್ದಳು.

ಕೆಸರಪ್ಪನ ಅಂಗೈ ಮೇಲೆ ಗಾಲಿ ತಿರುಗಲೇ ಇಲ್ಲ. ಅವನು ನಕ್ಕ. "ಇಷ್ಟು ಬಿಗಿಯಾಗಿದೆಯಲ್ಲೇ, ತಮಟೆ ಮಾಡ್ಕೊಂಡು ಬಂದೆಯಾ?"

ತಳದಿಂದ ದನಿ ಬಂತು: "ನಾನು ಕಮ್ಮಾರಗೇರಿಯವನು. ಕೆಂಚಿಯ ಅಪ್ಪ."

ಹೆಸರು ಹೋಗಿತ್ತು.

ಅಳುತ್ತಲೇ ಅವಳು ಬೊಂಬೆಪೇಟೆಗೆ ಹೋದಳು. ಅಲ್ಲಿ ಬೊಂಬೆಗಳಿಗೆ ಬೇಕಾದ ಬಿಡಿ ಸಾಮಾನೆಲ್ಲ ಸಿಗುತ್ತಿತ್ತು. ಒಬ್ಬ ಕೆತ್ತನೆಗಾರ ಮರದ ಪಟ್ಟಿ ತೋರಿಸಿದ. ಒಂದೊಂದು ಕೊಂಡಿಯಲ್ಲೂ ಮೊಳೆಯ ತಲೆ ಸಮೇತ ಕೆತ್ತಿದ್ದ. ಅಂದಕ್ಕೆ ಸೋತು ತಂದಳು. ಕೆಸರಪ್ಪನ ಅಂಗೈ ಮೇಲೆ ಇಟ್ಟರೆ ಕೊಂಡಿಗಳು ಅಂಟಿಕೊಂಡೇ ಇದ್ದವು, ಗಾಲಿ ಅಲ್ಲಾಡಲಿಲ್ಲ.

"ನೋಡೋಕೆ ಚೆಂದ. ಮದುಮಗನ ಹಾಗೆ ಕೂತೇ ಇದೆ" ಅಂದ ಅವನು.

ತಳದಿಂದ: "ನಾನು ಕೆಂಚಿಯ ಅಪ್ಪ."

ಮತ್ತೆ ಪೇಟೆಗೆ ಬಂದಳು. ಮೂಲೆಯಲ್ಲೊಬ್ಬ ಅಜ್ಜಿ ಸೀಸ ಕರಗಿಸಿ ಅಕ್ಕಿಕಾಳಿನಂಥ ಕೊಂಡಿಗಳನ್ನು ಎರೆಯುತ್ತಿದ್ದಳು. ತಂತಿಯಲ್ಲಿ ಪೋಣಿಸಿ ಗಾಲಿಗೆ ಸುತ್ತಿದರೆ, ಪಟ್ಟಿ ತನ್ನ ಭಾರಕ್ಕೆ ತಾನೇ ಬಟ್ಟೆ ಒಣಹಾಕಿದ ಹಗ್ಗದ ಹಾಗೆ ಜೋತುಬಿತ್ತು. ಕೆಂಚವ್ವ ಆ ಸಂದಿಗೆ ಕಿರುಬೆರಳು ತೂರಿಸಿದಳು. ಅಪ್ಪನ ಆಮೆಯೇ ಸೈ.

"ಎರಡೂ ಬದಿಗೆ ಸಮ ಪೋಣಿಸಲಾ ಮಗಳೇ?"

"ಹೂಂ ಅಜ್ಜಿ, ಬೇಗ" ಅಂದುಬಿಟ್ಟಳು.

ಕೆಸರಪ್ಪನ ಅಂಗೈ ಮೇಲೆ ಪುಟ್ಟ ಆಮೆ ನಡೆಯಿತು. ಕೆಸರು ಗುಳುಗುಳು ಅಂದಿತು. ಅಷ್ಟರಲ್ಲಿ ಎಡಪಟ್ಟಿ ಸಡಿಲಾಗಿ ಗಾಲಿಯಿಂದ ಕಳಚಿಬಿತ್ತು.

ತಳದಿಂದ: "ನಾನು..."

ಆಮೇಲೆ ದನಿಯೇ ಇಲ್ಲ.

"ಇನ್ನು ಎಷ್ಟು ಸಲವಾದರೂ ಬಾ" ಅಂದ ಕೆಸರಪ್ಪ. "ಮರೆಯೋಕೆ ಅವನ ಹತ್ತಿರ ಏನೂ ಉಳಿದಿಲ್ಲ."

ಮನೆಗೆ ಬಂದವಳಿಗೆ ಅತ್ತು ಅತ್ತು ಗಂಟಲು ಕಟ್ಟಿತ್ತು. ಕಷಾಯಕ್ಕೆ ಶುಂಠಿ ಜಜ್ಜಲು ಕೊಂಡಿ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಅದನ್ನು ಕೊಟ್ಟ ದಿನ ಅಪ್ಪ ಅಂದಿದ್ದ: "ಎಡಪಟ್ಟಿ ಸವೆದೂ ಸವೆದೂ ಉದ್ದ ಆಗಿದೆ ಮಗಾ. ಒಂದು ಕೊಂಡಿ ತೆಗೆದು ಬಿಗಿಮಾಡಿದೆ. ನಿನಗೆ ಶುಂಠಿ ಜಜ್ಜೋಕಾಯ್ತು."

ದಿನಾ ಕೈಯಲ್ಲಿ ಹಿಡಿದದ್ದನ್ನು ಅವಳು ಮರೆತಿದ್ದಳು. ಮರೆತವಳು ಮಗಳು, ಬೆಲೆ ತೆತ್ತವನು ಅಪ್ಪ.

ಪುಟ್ಟ ಆಮೆಯ ಎಡಪಟ್ಟಿಯಿಂದ ಒಂದು ಕೊಂಡಿ ಕಿತ್ತಳು, ತಂತಿ ಬಿಗಿದಳು, ಓಡಿದಳು. ಆಮೆ ಮಾಂತ್ರಿಕನ ಅಂಗೈ ದಾಟಿತು, ಮೊಣಕೈ ದಾಟಿತು, ಹೆಗಲೇರಿತು. ಜೌಗು ಸೀಳಿಕೊಂಡು ದೊಡ್ಡ ಆಮೆ ದಡಕ್ಕೆ ಬಂತು. ಜೌಗೆಲ್ಲ ಒಣಗಿತು. ಕೆಸರಪ್ಪನೂ ಒಣಗಿ, ಬಿರಿದು, ಗಾಳಿಗೆ ಧೂಳಾಗಿ ಹೋದ.

ಓಬಯ್ಯ ಇಳಿದು ಬಂದ. ಮಗಳ ಮುಖ ನೋಡಿದ.

"ಯಾರ ಮಗಳವ್ವ ನೀನು?"

ಕೆಂಚವ್ವ ಆಮೆಯ ಪಕ್ಕ ಕೂತು, ಜೋತ ಪಟ್ಟಿಯ ಸಂದಿಗೆ ಕೈ ತೂರಿಸಿದಳು.

"ಬೆರಳು ಜೋಪಾನ ಮಗಾ" ಅಂದ ಓಬಯ್ಯ. ಅಂದವನು, ಯಾಕೆ ಅಂದೆನೋ ಎಂಬಂತೆ ತನ್ನ ಬಾಯಿ ಮುಟ್ಟಿ ನೋಡಿಕೊಂಡ.

ಅವಳು ಅವನನ್ನು ಕೈಹಿಡಿದು ಮನೆಗೆ ಕರೆತಂದಳು. ಒಣಗಿದ ಜೌಗಿನಲ್ಲಿ ರಾಗಿ ಬೆಳೆಯಿತು, ರಾಜ್ಯವೆಲ್ಲ ಉಂಡು ಸುಖವಾಗಿತ್ತು. ಕಮ್ಮಾರಗೇರಿಯ ಆ ಮನೆಯಲ್ಲಿ ಮಾತ್ರ ದಿನಾ ಬೆಳಗ್ಗೆ ಮಗಳು ಶುಂಠಿ ಜಜ್ಜುತ್ತಾ ಹೇಳಿಕೊಡುತ್ತಿದ್ದಳು: "ನೀನು ಓಬಯ್ಯ. ಕಮ್ಮಾರಗೇರಿಯವನು. ಕೆಂಚಿಯ ಅಪ್ಪ."

ಅವನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದ.