ಜಕ್ಕೂರಿನ ಹೊಸ ನಕ್ಷತ್ರ

ಒಡೆದ ಗಾಜು ಕಣ್ಣಿಗೆ ಬಿದ್ದದ್ದು ಬೆಳಿಗ್ಗೆ ಏಳಕ್ಕೆ. ಎಂಟಕ್ಕೆಲ್ಲ ಮಜೀದನ ಡಿಸ್ಮಿಸ್ ಕಾಗದ ಟೈಪಾಗಿತ್ತು. ಆಮೇಲೆ ಠಾಣೆಗೆ ಫೋನು—ಬಂದು ಅವನನ್ನು ಹಿಡ್ಕೊಂಡು ಹೋಗಿ ಅಂತ.

೧೯೬೩ರ ಬೇಸಿಗೆ. ಜಕ್ಕೂರಿನ ಖಗೋಳ ಸಂಸ್ಥೆಯವರೆಗೆ ಸೈಕಲ್ ತುಳಿದು ನನ್ನ ಮಂಡಿ ಬಿದ್ದುಹೋಗಿತ್ತು. ಈ ಕಾನ್‌ಸ್ಟೇಬಲ್ ಚಿಕ್ಕಬೈರಪ್ಪನ ಹಣೆಯಲ್ಲಿ ರಜೆ ಬರೆದಿಲ್ಲ, ಬಿಡಿ. ನಮ್ಮ ಸಬ್ ಇನ್ಸ್‌ಪೆಕ್ಟರ್ ಮುನಿಕೃಷ್ಣಪ್ಪನವರು ಬಂದವರೇ ಕುರ್ಚಿ ಎಳೆದು ಕೂತರು.

"ಏನ್ ಸ್ವಾಮಿ, ಒಂದು ಗಾಜಿಗೆ ಇಷ್ಟು ರಾದ್ಧಾಂತ?"

"ಬರೀ ಗಾಜಲ್ರೀ, ಆಕಾಶದ ಫೋಟೋ," ಅಂದರು ಡೈರೆಕ್ಟರ್. "ದೂರದ ನೀಹಾರಿಕೆಯೊಂದರಲ್ಲಿ ಸಿಡಿದ ಹೊಸ ನಕ್ಷತ್ರ ಅದರಲ್ಲಿತ್ತು. ನಮ್ಮ ಡಾಕ್ಟರ್ ಆನಂದಪ್ಪ ಕಂಡುಹಿಡಿದದ್ದು. ನಾಳೆ ದೆಹಲಿಯ ತಜ್ಞರು ಆ ಗಾಜು ಪರೀಕ್ಷೆ ಮಾಡೋಕೆ ಬರ್ತಿದ್ದಾರೆ!"

"ಗಾಜು ಇಟ್ಟಿದ್ದ ಬೀರುವಿನ ಬೀಗದ ಕೈ?"

"ಎರಡಿವೆ. ಒಂದು ಇಲ್ಲೇ ಕೂತಿರೋ ಆನಂದಪ್ಪನವರ ಹತ್ರ. ಇನ್ನೊಂದು ಫೋಟೋ ತೊಳೆಯೋ ಈ ಮಜೀದನ ಹತ್ರ."

ಮೂಲೆಯಲ್ಲಿ ನಿಂತಿದ್ದ ಮಜೀದ್ ಕೈಮುಗಿದ. "ನಾನು ಒಡೆದಿಲ್ಲ ಸಾರ್. ಮನೇಲಿ ಹೆಂಡ್ತಿ ಜೈನಾಬ್ ತುಂಬು ಬಸುರಿ. ಜೈಲಿಗೆ ಹಾಕಿದ್ರೆ ಅವಳಿಗೆ ಯಾರೂ ಇಲ್ಲ."

ಮುನಿಕೃಷ್ಣಪ್ಪನವರು ಚೂರುಗಳನ್ನು ಮೇಜಿನ ಮೇಲೆ ಜೋಡಿಸಿದರು. ಒಂದು ಚೂರು ಇರಲಿಲ್ಲ.

"ಇದು ಯಾವ ಜಾಗ?"

"ಅದೇ... ಹೊಸ ನಕ್ಷತ್ರ ಇದ್ದ ಜಾಗ."

"ಈ ಗಾಜಿಂದ ಕಾಗದಕ್ಕೆ ಇಳಿಸಿದ ಫೋಟೋ ಇದೆಯೋ?"

ಇತ್ತು. ಕಟ್ಟು ಹಾಕಿಸಿ ಗೋಡೆಗೇ ತೂಗುಹಾಕಿದ್ದರು. ಕಪ್ಪು ಆಕಾಶ, ಬಿಳಿ ಚುಕ್ಕೆಗಳು. ತಿಂಗಳಿಂದ ಎಲ್ಲರೂ ನೋಡಿದ್ದೇ.

"ಬೈರಪ್ಪ, ಏನ್ ಕಾಣ್ಸುತ್ತೆ?"

"ಅಕ್ಕಿ ಚೆಲ್ಲಿದ ಹಾಗಿದೆ ಸಾರ್."

"ಎಲ್ಲಾ ಅಕ್ಕೀನೇನಾ?"

ಹತ್ತಿರ ಹೋಗಿ ನೋಡಿದೆ. "ಇದೊಂದು ಸಬ್ಬಕ್ಕಿ ಸಾರ್. ಗುಂಡಗಿದೆ."

"ಅದೇ ಹೊಸ ನಕ್ಷತ್ರ," ಅಂದರು ಡೈರೆಕ್ಟರ್.

"ಮಜೀದ್, ಮಿಕ್ಕಿದ್ದೆಲ್ಲಾ ಯಾಕೆ ಉದ್ದ?"

"ನಕ್ಷತ್ರ ಸರಿದ ಹಾಗೆ ದೂರದರ್ಶಕ ತಿರುಗಿಸೋ ಗಡಿಯಾರ ಅವತ್ತು ನಿಧಾನ ಓಡ್ತಿತ್ತು ಸಾರ್. ಆಗ ಚುಕ್ಕೆಗಳೆಲ್ಲಾ ಎಳ್ಕೊಂಡು ಬೀಳುತ್ವೆ."

"ಎಲ್ಲಾ ಎಳ್ಕೊಂಡಾಗ ಇದೊಂದು ಹೆಂಗೆ ಗುಂಡಗೆ ಉಳೀತು?" ಮುನಿಕೃಷ್ಣಪ್ಪನವರು ಕಣ್ಣುಜ್ಜಿಕೊಂಡರು. "ಇದು ಆಕಾಶದಿಂದ ಬಂದಿದ್ದಲ್ಲ. ಆಮೇಲೆ ಗಾಜಿನ ಮೇಲೆ ಇಟ್ಟ ಮಸಿ ಚುಕ್ಕೆ. ಗಾಜಲ್ಲಿ ಕಪ್ಪಗಿದ್ದದ್ದು ಕಾಗದದಲ್ಲಿ ಬೆಳ್ಳಗೆ ಮೂಡುತ್ತೆ. ಕಾಗದ ನೋಡಿದವರಿಗೆ ಮಸಿ ಅಂತ ಗೊತ್ತಾಗಲ್ಲ, ಗಾಜು ನೋಡಿದವರಿಗೆ ಗೊತ್ತಾಗುತ್ತೆ. ಅದಕ್ಕೇ ನಾಳೆಯೊಳಗೆ ಗಾಜು ಒಡೀಬೇಕಿತ್ತು. ಕೈಜಾರಿ ಒಡೆದವನಿಗೆ ಆ ಚೂರೇ ಯಾಕೆ ಬೇಕು? ಕೊಡಿ ಆನಂದಪ್ಪನವರೇ."

ಆನಂದಪ್ಪ ಜೇಬಿನಿಂದ ಕರವಸ್ತ್ರದ ಗಂಟು ತೆಗೆದಿಟ್ಟರು.

"ಒಂಬತ್ತು ವರ್ಷ ನಿದ್ದೆಗೆಟ್ಟೆ. ಒಂದೂ ಸಿಗಲಿಲ್ಲ. ಸಾಕಾಗಿಹೋಗಿತ್ತು ಸಾರ್."

ನನಗೆ ಪಾಪ ಅನ್ನಿಸಿತು. ಮಜೀದನ ಮುಖ ನೋಡಿದೆ, ಅನ್ನಿಸಿದ್ದು ಅಲ್ಲಿಗೇ ನಿಂತಿತು.

"ಗಾಜು ತೊಳೆದೋನು ನೀನು. ಆ ಚುಕ್ಕೆ ಇರ್ಲಿಲ್ಲ ಅಂತ ಗೊತ್ತಿರ್ಲಿಲ್ವೇನಯ್ಯ?" ಮುನಿಕೃಷ್ಣಪ್ಪನವರು ಮಜೀದನನ್ನು ಕೇಳಿದರು.

"ಗೊತ್ತಿತ್ತು ಸಾರ್. ಹೋದ ತಿಂಗಳೇ ಡೈರೆಕ್ಟರ್ ಸಾಹೇಬರಿಗೆ ಹೇಳ್ದೆ. ನಿನ್ನ ಕೆಲಸ ತೊಳೆಯೋದು, ನೋಡೋದಲ್ಲ ಅಂದ್ರು."

ಡೈರೆಕ್ಟರ್ ಡಿಸ್ಮಿಸ್ ಕಾಗದ ಎತ್ತಿಕೊಂಡು ಹರಿಯಲು ಹೋದರು. ಮುನಿಕೃಷ್ಣಪ್ಪನವರು ಅದನ್ನು ಅವರ ಕೈಯಿಂದ ತೆಗೆದುಕೊಂಡರು.

"ಇದು ಸಾಕ್ಷಿಗೆ ನನ್ನ ಹತ್ರ ಇರ್ಲಿ ಸ್ವಾಮಿ. ಮಜೀದ್, ನಾಳೆ ಕೆಲಸಕ್ಕೆ ಬಾ. ದೆಹಲಿಯವರಿಗೆ ಎಲ್ಲಾ ನೀನೇ ತೋರಿಸ್ಬೇಕು."