ಕಾಳಬ್ಬೆಯ ಮೂರು ಗಂಜಿತಟ್ಟೆಗಳು

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಮಂಜಾವರವೆಂಬ ರಾಜ್ಯವಿತ್ತು. ಅಲ್ಲಿ ಧೂಮಾಕ್ಷನೆಂಬ ಮಾಂತ್ರಿಕ ರಾಜವೈದ್ಯನಾಗಿದ್ದ. ಗಾಯ ಮಾಯಿಸುವ ಹೊಂಬೇರಿನ ಪುಡಿಯ ಚೀಲಕ್ಕೆ ಅವನ ಮುದ್ರೆ ಬಿದ್ದರೆ ಮಾತ್ರ ಅದು ಮದ್ದು. ಬೇರೆ ಮದ್ದು ಹಚ್ಚಿಕೊಂಡವರನ್ನು ಅವನು ಕಪ್ಪೆ ಮಾಡಿ ಅರಮನೆಯ ಕೊಳಕ್ಕೆ ಬಿಡುತ್ತಿದ್ದ.

ಬೇರು ಅಗೆದು ಬದುಕುತ್ತಿದ್ದ ಕಾಳಬ್ಬೆಗೆ ಹೊನ್ನಿ ಎಂಬ ತಂಗಿಯಿದ್ದಳು. ಹೊನ್ನಿಯ ಕಾಲಿನ ಗಾಯ ಕೀವು ತುಂಬಿ ಬಾತುಕೊಂಡಿತ್ತು. ಮುದ್ರೆಯ ಪುಡಿ ಹಚ್ಚಿದಷ್ಟೂ ಅದು ಹೆಚ್ಚಿತು. ಮದ್ದಿಗೆ ಬಗ್ಗದ್ದು ಪಾಪಿಯ ಗಾಯ, ಇಂದಿಗೆ ನಾಲ್ಕನೆಯ ದಿನ ಕಾಲು ಕಡಿಯಿರಿ ಎಂದ ಧೂಮಾಕ್ಷ.

ಕಾಳಬ್ಬೆ ನೇರವಾಗಿ ಓಲಗಕ್ಕೆ ಹೋಗಿ, ಪಾಪ ಕಾಲಿನದಲ್ಲ, ಪುಡಿಯದು ಎಂದಳು. ರಾಜ ಸಾಬೀತು ಮಾಡು ಎಂದ. ಅವಳು ಮೂರು ತಟ್ಟೆಗಳಲ್ಲಿ ಗಂಜಿ ಹೆಪ್ಪುಗಟ್ಟಿಸಿ, ಮೇಲೆ ತಂಗಿಯ ಗಾಯದ ಕೀವು ಸವರಿದಳು. ಒಂದರ ನಡುವೆ ತಾನೇ ಅಗೆದ ಹೊಂಬೇರು, ಇನ್ನೊಂದರಲ್ಲಿ ಮುದ್ರೆಯ ಪುಡಿ, ಮೂರನೆಯದರಲ್ಲಿ ರಾಜನ ಕೈಯಿಂದಲೇ ಒಂದು ತೊಟ್ಟು ನೀರು. ನಿಜವಾದ ಮದ್ದಾದರೆ ತನ್ನ ಸುತ್ತ ಕೀವಿನ ಚುಕ್ಕಿಗಳನ್ನು ಏಳಗೊಡದೆ ಶುಭ್ರವಾದ ಬಳೆ ಬಿಡುತ್ತದೆ, ನಾಳೆ ನೋಡಿ ಎಂದಳು.

ಮರುದಿನ ಮಾಂತ್ರಿಕನ ಮೂರು ಕಣ್ಣಿನ ಬೆಕ್ಕು ತಟ್ಟೆಗಳನ್ನು ನೆಕ್ಕಿ ಖಾಲಿ ಮಾಡಿತ್ತು. ಕಾಳಬ್ಬೆ ಮತ್ತೆ ಗಂಜಿ ಕಾಸಿದಳು.

ಎರಡನೆಯ ದಿನ ಅವನ ಬೆಂಕಿಹಕ್ಕಿ ರೆಕ್ಕೆ ಬೀಸಿ ಗಂಜಿಯನ್ನೆಲ್ಲ ಒಣಗಿಸಿತು. ಹಪ್ಪಳ ಚೆನ್ನಾಗಿದೆ, ಎಣ್ಣೆ ತರಿಸಲೇ ಎಂದು ಮಂತ್ರಿ ನಕ್ಕ. ಕಾಳಬ್ಬೆ ಮತ್ತೆ ಗಂಜಿ ಕಾಸಿದಳು. ಈ ಸಲ ರಾಜನೇ ತಟ್ಟೆಗಳನ್ನು ಮುಚ್ಚಿ ಕಾವಲು ಕೂತ.

ಮೂರನೆಯ ದಿನ ಮುಚ್ಚಳ ತೆಗೆಯುವ ಹೊತ್ತಿಗೆ ಧೂಮಾಕ್ಷ ದೂರದಿಂದಲೇ ತುಟಿ ಅಲುಗಿಸಿದ. ಮೂರೂ ತಟ್ಟೆಗಳು ಹಾಲಿನ ಹಾಗೆ ಶುಭ್ರವಾಗಿದ್ದವು. ಒಂದು ಚುಕ್ಕಿಯೂ ಇರಲಿಲ್ಲ.

"ನೋಡಿಕೋ, ಗಂಜಿಯವಳೇ," ಎಂದ ಧೂಮಾಕ್ಷ. "ನನ್ನ ಮದ್ದಿನ ಮುಂದೆ ಕೀವು ಉಳಿದೀತೇ?"

"ನಿನ್ನ ಮದ್ದು ಒಂದೇ ತಟ್ಟೆಯಲ್ಲಿತ್ತು, ಸ್ವಾಮಿ. ಆ ಮೂರನೆಯದರಲ್ಲಿ ಬರೀ ನೀರು. ಅದಕ್ಕೂ ಗೆಲುವು ಕೊಟ್ಟುಬಿಟ್ಟೆಯಲ್ಲ."

ಕಾಳಬ್ಬೆ ನೀರಿನ ತಟ್ಟೆಯ ಮೇಲೆ ಬೆರಳೆಳೆದಳು. ಬೆರಳಿಗೆ ಹಳದಿ ಕೀವು ಮೆತ್ತಿಕೊಂಡಿತು, ಮಾಯೆಯ ಪೊರೆ ಹರಿಯಿತು. ನೀರಿನ ತಟ್ಟೆಯ ತುಂಬ ಚುಕ್ಕಿ. ಮುದ್ರೆಯ ಪುಡಿಯ ತಟ್ಟೆಯ ತುಂಬ ಚುಕ್ಕಿ. ಹೊಂಬೇರಿನ ಸುತ್ತ ಮಾತ್ರ ಹುಣ್ಣಿಮೆಯ ಚಂದ್ರನಂಥ ಬಳೆ. ರಾಜ ಪುಡಿಯನ್ನು ನೀರಲ್ಲಿ ಕದಡಿಸಿದ. ತಳದಲ್ಲಿ ಇಟ್ಟಿಗೆಯ ಹುಡಿ ಕೂತಿತು.

"ನಿನ್ನನ್ನೂ ಕಪ್ಪೆ ಮಾಡುತ್ತೇನೆ," ಎಂದು ಧೂಮಾಕ್ಷ ಮುದ್ರೆಯೆತ್ತಿದ.

"ಮಾಡು. ಕಪ್ಪೆಯಾದರೂ ಇದನ್ನೇ ವಟಗುಟ್ಟುತ್ತೇನೆ."

ಹಾಗೆಂದವಳೇ ಮುದ್ರೆ ಕಿತ್ತು, ಬೇರು ಕುಟ್ಟಲು ತಂದಿದ್ದ ಒರಳಿಗೆ ಹಾಕಿ ಕುಟ್ಟಿದಳು. ಅವನ ಬಲವೆಲ್ಲ ಅದರಲ್ಲೇ ಇತ್ತು. ಮಾಂತ್ರಿಕ ಹೊಗೆಯಾಗಿ ಕಿಟಕಿಯಿಂದ ಹೋದ. ಕೊಳದ ಕಪ್ಪೆಗಳು ಮನುಷ್ಯರಾಗಿ, ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿದವು.

ಹೊಂಬೇರು ಹಚ್ಚಿದ ಒಂಬತ್ತನೆಯ ದಿನಕ್ಕೆ ಹೊನ್ನಿ ಎರಡೂ ಕಾಲೂರಿ ನಿಂತಳು. ರಾಜ ಕಾಳಬ್ಬೆಯ ಹೆಸರಿನಲ್ಲಿ ಹೊಸ ಮುದ್ರೆ ಮಾಡಿಸಿ ತಂದ. ಅವಳು ಮುಟ್ಟಲಿಲ್ಲ.

"ನನ್ನನ್ನೂ ನಂಬಬೇಡಿ," ಎಂದಳು. "ತಟ್ಟೆಯಿಟ್ಟು ನೋಡಿ."

ಅಂದಿನಿಂದ ಮಂಜಾವರದಲ್ಲಿ ಮನೆಮನೆಯಲ್ಲೂ ತಟ್ಟೆಯಿಟ್ಟು ನೋಡಿಯೇ ಮದ್ದು ಹಚ್ಚಿದರು, ನೂರು ವರ್ಷ ಗಟ್ಟಿಯಾಗಿ, ನಗುನಗುತ್ತಾ ಬಾಳಿದರು.