ಹಣ್ಣು ಛಂದ ಅದಾವ, ಅದಕ್ಕ ನ್ಯೂಟ್ರಲ್

ಹಸಿರು ಚುಕ್ಕೆಗಳ ಸಾಲಿನ ತುದಿಗೆ ಬಂದು ಕೂತಿದ್ದ ಬೂದು ಚುಕ್ಕೆಯನ್ನು ಭಕ್ತಿ ಮೊದಲು ಮಾನಿಟರಿನ ಮೇಲಿನ ಧೂಳು ಅಂದುಕೊಂಡಳು. ದುಪಟ್ಟಾದ ಅಂಚಿನಿಂದ ಒರೆಸಿದಳು. ಧೂಳು ಹೋಯಿತು, ಚುಕ್ಕೆ ಹೋಗಲಿಲ್ಲ.

ಚುಕ್ಕೆಯ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಸಾಲಿತ್ತು: ‘ಹಣ್ಣು ಬಾಳ ಛಂದ ಅದಾವ, ಅದಕ್ಕ ನ್ಯೂಟ್ರಲ್.’

ಅದು ೨೦೦೬ನೇ ಇಸವಿ. ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ಸುಜಾತಾ ಮತ್ತು ಅವಳ ಗಂಡ ಮಹೇಶ ನಡೆಸುತ್ತಿದ್ದ ಸೈಬರ್ ಕೆಫೆಯಲ್ಲಿ ಮೂಲೆಯ ಕಂಪ್ಯೂಟರು ಭಕ್ತಿಯದೇ ಅನ್ನುವಷ್ಟು ರೂಢಿಯಾಗಿತ್ತು. ಬಿ.ಎ. ಮುಗಿಸಿ ಮೂಡಲಗಿಯ ಮನೆಯಲ್ಲಿ ಸುಮ್ಮನೆ ಕೂತಿದ್ದವಳನ್ನು ಕಾಲೇಜಿನ ಗೆಳತಿ ಸುಜಾತಾ ಎಳೆದು ತಂದು ಇಂಟರ್ನೆಟ್ ಹರಾಜಿನ ಸೈಟೊಂದಕ್ಕೆ ಸೇರಿಸಿದ್ದಳು. ಭಕ್ತಿ ಅಲ್ಲಿ ಗೋಕಾಕದ ಕಟ್ಟಿಗೆ ಹಣ್ಣುಗಳನ್ನು ಮಾರುತ್ತಿದ್ದಳು. ಬಾಳೆ, ಪೇರಲ, ಸೀತಾಫಲ. ಅವನ್ನು ಮಾಡುವ ಗೋಕಾಕದ ಶಂಕ್ರವ್ವ ಬಣ್ಣ ಹಚ್ಚಿ ಕೊಟ್ಟರೆ, ಅವು ಕಟ್ಟಿಗೆಯವು ಎಂದು ಗೊತ್ತಿದ್ದವರೂ ಒಮ್ಮೆ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು.

ಫೋಟೋದ ಕೆಳಗೆ ಭಕ್ತಿ ನಾಲ್ಕು ಸಾಲು ಬರೆಯುತ್ತಿದ್ದಳು. ‘ಈ ಪೇರಲಕ್ಕೆ ಇಷ್ಟರವರೆಗೆ ಒಂದೂ ಗಿಳಿ ಬಾಯಿ ಹಾಕಿಲ್ಲ. ಅದರ ಬೇಜಾರು ಅದರ ಮುಖದ ಮೇಲೆ ಕಾಣುತ್ತದೆ, ನೋಡಿ.’ ಜನರ ನಡುವೆ ಹೆಸರು ಕೇಳಿದರೂ ತಲೆ ತಗ್ಗಿಸುವ ಹುಡುಗಿ ಆ ನಾಲ್ಕು ಸಾಲುಗಳಲ್ಲಿ ಮಾತ್ರ ಮನಸ್ಸು ಬಿಚ್ಚಿ ಹರಟುತ್ತಿದ್ದಳು.

ಆ ಸೈಟಿನಲ್ಲಿ ಕೊಂಡವರು ಮಾರಿದವರಿಗೂ, ಮಾರಿದವರು ಕೊಂಡವರಿಗೂ ಫೀಡ್‌ಬ್ಯಾಕ್ ಕೊಡುವ ಪದ್ಧತಿ. ಮೆಚ್ಚಿದರೆ ಹಸಿರು, ಸಿಟ್ಟಾದರೆ ಕೆಂಪು, ಎರಡೂ ಅಲ್ಲದ್ದಕ್ಕೆ ಬೂದು, ಅಂದರೆ ನ್ಯೂಟ್ರಲ್. ಕೊಡುವುದಕ್ಕೂ ಒಂದು ರೀತಿ ರಿವಾಜು ಇತ್ತು. ದುಡ್ಡು ಕೈಸೇರಿದ ಕೂಡಲೇ ಮಾರಿದವರೇ ಮೊದಲು ಒಳ್ಳೆಯ ಮಾತು ಬರೆಯಬೇಕು. ಏನಾದರೂ ಕೊರತೆ ಕಂಡರೆ ಬಣ್ಣದ ಗುಂಡಿ ಒತ್ತುವ ಮೊದಲು ಎದುರಿನವರನ್ನು ಒಂದು ಮಾತು ಕೇಳಬೇಕು.

ಭಕ್ತಿ ಇದನ್ನೆಲ್ಲ ತಪ್ಪದೆ ಪಾಲಿಸುತ್ತಿದ್ದಳು. ಸಂಕೇಶ್ವರದ ಇಂದುಬಾಯಿ ಚೌಗುಲೆ ಎಂಬವರ ವಿಷಯದಲ್ಲಿ ಮಾತ್ರ ಈ ಸಲ ತಡವಾಗಿತ್ತು. ಇಂದುಬಾಯಿ ಅವಳ ಹಳೆಯ ಗಿರಾಕಿ; ಹೆಸರು ನೋಡಿ ಯಾರೋ ಅಜ್ಜಿ ಎಂದೇ ಭಕ್ತಿ ತಿಳಿದಿದ್ದಳು. ಪ್ರತಿ ಪಾರ್ಸಲಿನ ನಂತರ ತುಂಟ ಪ್ರಶ್ನೆಯೊಂದನ್ನು ಕಳಿಸುತ್ತಿದ್ದರು. ಕಟ್ಟಿಗೆ ಸೀತಾಫಲದ ಒಳಗೆ ಖರೇ ಬೀಜ ಇರುತ್ತವೆಯೇ ಎಂದು ಒಮ್ಮೆ ಕೇಳಿದ್ದರು. ಒಡೆದು ನೋಡಬೇಡಿ, ನನ್ನ ಮೇಲೆ ನಂಬಿಕೆ ಇಡಿ ಎಂದು ಭಕ್ತಿ ಬರೆದಿದ್ದಳು. ಅಂಥ ಅಜ್ಜಿಗೆ ಬರೀ ‘ಥ್ಯಾಂಕ್ಯೂ’ ಸಾಲದು, ಇನ್ನೂ ಚೆಂದದ್ದೇನಾದರೂ ಬರೆಯಬೇಕೆಂದು ಯೋಚಿಸುತ್ತ ದಿನ ಕಳೆದಿದ್ದಳು. ಅಷ್ಟರಲ್ಲಿ ಈ ಬೂದು ಚುಕ್ಕೆ.

“ತಡಾ ಮಾಡಿದ್ದಕ್ಕ ಸಿಟ್ಟಾಗ್ಯಾರ ನೋಡು ನಿನ್ನ ಅಜ್ಜಿ,” ಎಂದಳು ಸುಜಾತಾ, ಹೆಗಲ ಮೇಲಿಂದ ಬಗ್ಗಿ. “ನೀನೂ ಕೆಂಪು ಒತ್ತಿ ಬಿಡು. ಅವರಿಗೂ ಗೊತ್ತಾಗಲಿ.”

ಬೇರೆ ದಿನವಾಗಿದ್ದರೆ ಭಕ್ತಿ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಆ ಸೈಟಿನವರು ದೀಪಾವಳಿಗೆಂದು ಒಂದು ವಿಶೇಷ ಪುಟ ತೆರೆಯುವವರಿದ್ದರು. ನೂರಕ್ಕೆ ನೂರು ಹಸಿರು ಇದ್ದವರಿಗೆ ಮಾತ್ರ ಅಲ್ಲಿ ಜಾಗ. ಶನಿವಾರ ಸಂಜೆಗೆ ಪಟ್ಟಿ ಮುಚ್ಚುತ್ತದೆ. ಭಾನುವಾರ ಇಚಲಕರಂಜಿಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದಾರೆ. ಎರಡರ ನಡುವೆ ಅಪ್ಪ ಕುಂಥುನಾಥ ಒಂದು ಮಾತಿನ ಗೆರೆ ಎಳೆದಿದ್ದರು. ಆ ಪುಟದಲ್ಲಿ ಮಗಳ ಹೆಸರು ಬಂದರೆ, ಇವಳ ಕೆಲಸಕ್ಕೆ ಅರ್ಥವಿದೆ ಎಂದು ಒಪ್ಪಿ ಇಚಲಕರಂಜಿಯವರಿಗೆ ಒಂದು ವರ್ಷ ತಡೆಯಿರಿ ಅನ್ನುತ್ತಾರೆ. ಬರದಿದ್ದರೆ ಅವಳು ಸೀರೆ ಉಟ್ಟು, ಚಹಾದ ಟ್ರೇ ಹಿಡಿದು ಹೊರಗೆ ಬರಬೇಕು.

ಕೆಂಪು ಗುಂಡಿಯ ಮೇಲೆ ಮೌಸಿನ ಬಾಣ ಒಂದು ಗಳಿಗೆ ನಿಂತಿತು. ಭಕ್ತಿಯ ಬೆರಳು ಕೆಳಗಿಳಿಯಲಿಲ್ಲ. ಅವರು ತನ್ನನ್ನು ಕೇಳದೆ ಒತ್ತಿದ್ದು ತಪ್ಪಾದರೆ, ತಾನೂ ಕೇಳದೆ ಒತ್ತುವುದು ಸರಿ ಹೇಗಾಗುತ್ತದೆ?

ಫೀಡ್‌ಬ್ಯಾಕ್ ವಾಪಸ್ ಪಡೆಯಲು ಒಂದೇ ದಾರಿ ಇತ್ತು. ಇಬ್ಬರೂ ತಮ್ಮ ತಮ್ಮ ಖಾತೆಯಿಂದ ಒಪ್ಪಿಗೆ ಒತ್ತಬೇಕು. ಭಕ್ತಿ ವಿನಂತಿ ಕಳಿಸಿದಳು. ಉತ್ತರವಿಲ್ಲ. ಪಾರ್ಸಲಿನ ಮೇಲೆ ಬರೆಯುತ್ತಿದ್ದ ಫೋನ್ ನಂಬರಿಗೆ ಸುಜಾತಾ ಮತ್ತೆ ಮತ್ತೆ ಹಚ್ಚಿದಳು. ಲೈನು ಸತ್ತಿತ್ತು. ಶನಿವಾರ ಮುಂಜಾನೆ ಭಕ್ತಿ ಕೆಫೆಗೆ ಬಂದವಳು ಕುರ್ಚಿಯ ಮೇಲೆ ಕೂರಲೇ ಇಲ್ಲ.

“ಸಂಕೇಶ್ವರಕ್ಕ ಹೋಗೂಣು,” ಎಂದಳು.

ಸುಜಾತಾ ಗೆಳತಿಯ ಮುಖವನ್ನೇ ನೋಡಿದಳು. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬರುವ ಹುಡುಗಿ ಇವಳು. ಗಂಡನಿಗೆ ಕೆಫೆ ಒಪ್ಪಿಸಿ, ಚಪ್ಪಲಿ ಮೆಟ್ಟಿ, ಮುಂದೆ ನಡೆದೇಬಿಟ್ಟಳು.

ಘೋಡಗೇರಿಯ ಕಬ್ಬಿನ ಗದ್ದೆಗಳು ಬಸ್ಸಿನ ಕಿಟಕಿಯಲ್ಲಿ ಹಿಂದೆ ಸರಿದವು. ಹುಕ್ಕೇರಿಯಲ್ಲಿ ಬಸ್ಸು ಬದಲಿಸುವಾಗ ಭಕ್ತಿ ಅಜ್ಜಿಯ ಮುಂದೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಹೆದರಿಕೆಯ ಜೊತೆಗೇ ಒಂದು ಪುಳಕವೂ ಇತ್ತು. ಇಷ್ಟು ದಿನ ಪರದೆಯ ಮೇಲೆ ಮಾತ್ರ ಕಂಡಿದ್ದ ಮನುಷ್ಯರ ಮನೆಯ ಬಾಗಿಲಿಗೆ ತಾನು ಹೊರಟಿದ್ದಾಳೆ.

ಆ ಬಾಗಿಲನ್ನು ತೆರೆದವರು ಅಜ್ಜಿ ಅಲ್ಲ.

ತೋಳು ಮಡಿಚಿದ ಬಿಳಿ ಅಂಗಿ, ಬೆರಳ ತುದಿಯಲ್ಲಿ ಗ್ರೀಸಿನ ಕಲೆ, ಅರ್ಧ ತಿಂದ ಚಪಾತಿಯ ಸುರುಳಿ ಇನ್ನೂ ಕೈಯಲ್ಲೇ. ತರುಣ ಇಬ್ಬರನ್ನೂ ನೋಡಿ, ಯಾರು ಬೇಕಾಗಿತ್ರಿ ಎಂದು ಕೇಳಿದ. ಸುಜಾತಾ ಗೆಳತಿಯ ಬೆನ್ನಿಗೆ ಮೆಲ್ಲಗೆ ತಿವಿದಳು. ಭಕ್ತಿ ಹೊಸ್ತಿಲು ನೋಡುತ್ತ, ತಾನು ಮೂಡಲಗಿಯವಳು, ಕಟ್ಟಿಗೆ ಹಣ್ಣು ಕಳಿಸುವವಳು ಎಂದಳು.

ಅವನ ಕೈಯ ಚಪಾತಿ ಬಾಯಿಗೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಕಿವಿಯ ಅಂಚು ನಿಧಾನವಾಗಿ ಕೆಂಪಾಯಿತು. ಭಕ್ತಿ ಅದನ್ನು ಕಂಡಳು. ತನ್ನ ಹಾಗೆ ಕೆಂಪಾಗುವವರು ಇನ್ನೊಬ್ಬರಿದ್ದಾರೆ ಎಂದು ಯಾಕೋ ಸಮಾಧಾನವಾಯಿತು.

“ಸಮ್ಮೇದಾ, ಯಾರೋ ಅದು?” ಒಳಗಿನಿಂದ ಮುದಿ ದನಿಯೊಂದು ಬಂತು. “ಒಳಗ ಕರಿ, ಬಾಗಲದಾಗ ನಿಂದ್ರಸಬ್ಯಾಡ.”

ಇಂದುಬಾಯಿ ಖರೇ ಇದ್ದರು. ಮನೆಯವರ ಬಾಯಲ್ಲಿ ಅವರು ‘ಆಯಿ’. ಬಂದವಳು ಯಾರೆಂದು ತಿಳಿದದ್ದೇ ತಡ, ಭಕ್ತಿಯ ಕೈ ಹಿಡಿದು ಗೋಡೆಯ ಶೋಕೇಸಿನ ಮುಂದೆ ನಿಲ್ಲಿಸಿದರು. ಗಾಜಿನ ಹಿಂದೆ ಅವಳ ಹಣ್ಣುಗಳೆಲ್ಲ ಸಾಲಾಗಿ ಕೂತಿದ್ದವು. ಭಕ್ತಿ ಹತ್ತಿರ ಬಗ್ಗಿ ನೋಡಿದಳು. ಒಂದೊಂದು ಹಣ್ಣಿನ ತೊಟ್ಟಿನ ಪಕ್ಕಕ್ಕೂ ಸಾಸಿವೆಯಷ್ಟು ಕರಿಯ ಕಲೆ ಇತ್ತು.

ಆಯಿ ತಾವಾಗಿಯೇ ಹೇಳಿದರು. ಮನೆಗೆ ಬಂದವರೆಲ್ಲ ಹಣ್ಣುಗಳನ್ನು ಹೊಗಳಿ ಹೊಗಳಿ ಹೋಗುತ್ತಾರಂತೆ. ಅಷ್ಟು ಹೊಗಳಿಕೆ ಒಳ್ಳೆಯದಲ್ಲ ಎಂದು ಕೂಸಿಗೆ ಇಡುವಂತೆ ಒಂದೊಂದಕ್ಕೂ ಕಾಡಿಗೆಯ ಬೊಟ್ಟು ಇಟ್ಟಿದ್ದಾರಂತೆ. ಹೋದ ವಾರ ಮೊಮ್ಮಗ ಸಮ್ಮೇದ ಕಂಪ್ಯೂಟರಿನಲ್ಲಿ ಭಕ್ತಿಯ ಪುಟ ತೆರೆದು ತೋರಿಸಿದಾಗ, ಮೇಲಿಂದ ಕೆಳಗಿನವರೆಗೆ ಬರೀ ಹಸಿರು ಕಂಡು ಅವರ ಜೀವ ಝಲ್ಲೆಂದಿತಂತೆ.

“ಒಂದೂ ಕುಂದಿಲ್ಲಂದ್ರ ದೃಷ್ಟಿ ಹತ್ತತೈತಿ ಯವ್ವಾ. ಆ ಹುಡುಗಿಗೂ ಒಂದು ಬೊಟ್ಟು ಇಡಪಾ ಅಂದೆ ನಾನs.”

ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಭಕ್ತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಡೀ ದೇಶದ ಜನ ನೋಡುವ ಪುಟದಲ್ಲಿ ಯಾರೋ ಅವಳ ಕೆನ್ನೆಗೆ ಕಾಡಿಗೆ ಹಚ್ಚಿದ್ದರು.

ಅದನ್ನು ಇವತ್ತೇ, ಸಂಜೆಯೊಳಗೇ ತೆಗೆಯಬೇಕೆಂದು ಸುಜಾತಾ ಬಿಡಿಸಿ ಹೇಳಿದಳು. ಕಾರಣ ಮಾತ್ರ ಹೇಳಲಿಲ್ಲ. ರಸ್ತೆ ಅಗೆಯುವವರು ಕೇಬಲ್ ಕಡಿದಿದ್ದರಿಂದ ಮನೆಯ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ, ಬಜಾರದ ಸೈಬರಿಗೇ ಹೋಗಬೇಕು ಎಂದ ಸಮ್ಮೇದ. ಬಿಸಿಲಿಗೆ ತನಗೆ ತಲೆನೋವು ಎಂದು ಸುಜಾತಾ ಆಯಿಯ ಪಕ್ಕ ಕೂತುಬಿಟ್ಟಳು. ಅವಳಿಗೆ ಜನ್ಮದಲ್ಲಿ ತಲೆನೋವು ಬಂದದ್ದನ್ನು ಭಕ್ತಿ ಕಂಡಿರಲಿಲ್ಲ.

ಬಜಾರದಲ್ಲಿ ಅವನು ಒಂದು ಹೆಜ್ಜೆ ಮುಂದೆ ನಡೆದ. ಮೆಣಸಿನಕಾಯಿ ಚೀಲ ಹೊತ್ತ ಹಮಾಲರು ಎದುರಾದಾಗ ನಿಂತು, ಅವಳಿಗೆ ದಾರಿ ಬಿಡಿಸಿ, ಮತ್ತೆ ಮುಂದೆ ನಡೆಯುತ್ತಿದ್ದ. ಹೆದ್ದಾರಿಯ ಬಾಜೂ ತನ್ನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಎಂದು ಹೇಳಿದ. ಖಾತೆ ಆಯಿಯ ಹೆಸರಲ್ಲಿದ್ದರೂ ಟೈಪ್ ಮಾಡುವವನು ತಾನೇ ಎಂದೂ ಹೇಳಿದ. ಭಕ್ತಿಯ ಕಾಲು ನಿಂತೇಹೋಯಿತು. ಹಾಗಾದರೆ ಸೀತಾಫಲದ ಬೀಜ ಕೇಳಿದವನು? ಪೇರಲಕ್ಕೆ ಗಿಳಿಯನ್ನು ಹುಡುಕಿ ಕೊಡಲೇ ಎಂದು ಬರೆದವನು? ಅವಳು ತಲೆ ಎತ್ತಿದಳು. ಅವನೂ ಅದೇ ಹೊತ್ತಿಗೆ ಹಿಂತಿರುಗಿದ್ದ. ಇಬ್ಬರೂ ಗಡಬಡಿಸಿ ಪಕ್ಕದ ಪಾತ್ರೆ ಅಂಗಡಿಯ ಕೊಡಗಳನ್ನು ನೋಡತೊಡಗಿದರು.

ಸೈಬರಿನಲ್ಲಿ ಅಕ್ಕಪಕ್ಕದ ಎರಡು ಕಂಪ್ಯೂಟರು ಸಿಕ್ಕವು. ನಡುವೆ ಪ್ಲೈವುಡ್ಡಿನ ಹಲಗೆ. ಅವನ ಮುಖ ಕಾಣುತ್ತಿರಲಿಲ್ಲ, ಕೀಬೋರ್ಡಿನ ಸದ್ದಷ್ಟೇ ಕೇಳುತ್ತಿತ್ತು.

“ಒತ್ತೀನ್ರಿ,” ಎಂದಿತು ಹಲಗೆಯ ಆಚೆಯ ದನಿ. “ಇನ್ನ ನಿಮ್ಮ ಪಾಳಿ.”

ಭಕ್ತಿಯ ಪರದೆಯ ಮೇಲೆ ಸೈಟಿನ ಎಚ್ಚರಿಕೆ ಮೂಡಿತು. ಒಪ್ಪಿದರೆ ಈ ವ್ಯವಹಾರದ ಬಗ್ಗೆ ಇಬ್ಬರೂ ಮತ್ತೆಂದೂ ಏನನ್ನೂ ಬರೆಯುವಂತಿಲ್ಲ. ಗಡಿಯಾರ ಓಡುತ್ತಿತ್ತು. ಆದರೂ ಅವಳು ಕೈ ತಡೆದಳು. ಮುಖ ಕಾಣದ ಹಲಗೆ ಅವಳಿಗೆ ಧೈರ್ಯ ಕೊಟ್ಟಿತು.

“ಆಯಿ ಹೇಳಿದ್ರು, ನೀವು ಬೊಟ್ಟು ಇಟ್ರಿ. ಖರೆ. ಆದ್ರ ಇಡೂಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತಲ್ರಿ?”



“ಕೇಳಬೇಕಿತ್ರಿ,” ಎಂದ ಸಮ್ಮೇದ. “ಆಯಿನೂ ಅದನ್ನs ಅಂದ್ಲು, ಆ ಹುಡುಗಿಗೆ ತಿಳಿಸಿ ಇಡು ಅಂತ. ನಾನs ತಿಳಸಲಿಲ್ಲ. ಈ ಸಲ ನಿಮ್ಮದೊಂದು ಸಾಲೂ ಬರಲಿಲ್ರಿ. ದಿನಾ ತಗದು ನೋಡತಿದ್ದೆ. ಬೊಟ್ಟು ಕಂಡ್ರ ಸಿಟ್ಟಿಗೇಳತೀರಿ, ಸಿಟ್ಟಿಗೆದ್ರ ನಾಕ ಸಾಲು ಜಾಸ್ತಿ ಬರೀತೀರಿ ಅನ್ಕೊಂಡೆ.”

ಭಕ್ತಿ ಮೌಸ್ ಬಿಟ್ಟು ಹಲಗೆಯ ಕಡೆ ತಿರುಗಿದಳು.

“ಮೊದಲನೇ ಹಣ್ಣು ಆಯಿ ಸಲುವಾಗಿ ತಗೊಂಡಿದ್ದು,” ಎಂದ ಅವನು, ಇನ್ನೂ ಮೆಲ್ಲಗೆ. “ಆಮ್ಯಾಲಿನವೆಲ್ಲಾ ನೀವು ಬರದಿದ್ದು ಓದಿ ತಗೊಂಡೆ. ಗೋಕಾಕಕ್ಕ ಹೋದ್ರ ಹಣ್ಣು ಸಿಗತಾವ್ರಿ. ಆ ಮಾತು ಸಿಗೂದಿಲ್ಲ.”

ಅವಳು ಬರೆದದ್ದಕ್ಕೆ ಇಷ್ಟು ದಿನ ಹಸಿರು ಚುಕ್ಕೆಗಳು ಬಂದಿದ್ದವು. ‘ಗುಡ್ ಸೆಲ್ಲರ್’, ‘ಫಾಸ್ಟ್ ಡೆಲಿವರಿ’. ಇಂಥ ಮಾತು ಬಂದಿರಲಿಲ್ಲ. ಅವಳು ಹಲಗೆಗೇ ಹೇಳುವಂತೆ ದೀಪಾವಳಿ ಪುಟದ ವಿಷಯ ಹೇಳಿದಳು. ಅಪ್ಪನ ಮಾತು ಹೇಳಿದಳು. ಇವತ್ತು ಸಂಜೆ ಆ ಬೂದು ಚುಕ್ಕೆ ಉಳಿದರೆ ನಾಳೆ ತನ್ನ ಮನೆಗೆ ಯಾರು ಬರುತ್ತಾರೆ ಎಂಬುದನ್ನೂ ಹೇಳಿದಳು.

ಆ ಕಡೆ ಕುರ್ಚಿ ದಡಕ್ಕನೆ ಹಿಂದೆ ಸರಿಯಿತು. ಹಲಗೆಯ ಮೇಲಿಂದ ಸಮ್ಮೇದನ ಮುಖ ಕಂಡಿತು. ಬಣ್ಣವೇ ಇಳಿದುಹೋಗಿತ್ತು.

“ಇನ್ನೂ ಯಾಕ ಕುಂತೀರಿ? ಲಗೂ ಒತ್ತ್ರಿ.”

ಭಕ್ತಿಗೆ ನಗು ತಡೆಯಲಾಗಲಿಲ್ಲ. ಅಪರಿಚಿತ ಊರಿನ, ಅಪರಿಚಿತ ಅಂಗಡಿಯಲ್ಲಿ, ನಾಲ್ಕು ಜನ ತಿರುಗಿ ನೋಡುವಂತೆ ಅವಳು ನಕ್ಕಳು. ನಗುತ್ತಲೇ ಒತ್ತಿದಳು.

ನಿಧಾನದ ಇಂಟರ್ನೆಟ್. ಪುಟ ಅರ್ಧ ಬಂದು ನಿಂತಿತು. ಅವನು ತನ್ನ ಕಂಪ್ಯೂಟರು ಬಿಟ್ಟು ಅವಳ ಕುರ್ಚಿಯ ಹಿಂದೆ ಬಂದು ನಿಂತ. ಗ್ರೀಸಿನ ಸಣ್ಣ ವಾಸನೆ, ಅವನ ಬಿಗಿಹಿಡಿದ ಉಸಿರು, ಪರದೆಯ ಮೇಲೆ ಒಂದೊಂದೇ ಗೆರೆಯಾಗಿ ಇಳಿಯುತ್ತಿದ್ದ ಪುಟ. ಮೇಲೆ ಹಸಿರು. ಕೆಳಗೆ ಹಸಿರು. ಕಡೆಯ ಸಾಲಿಗೆ ಬಂದಾಗ ಬೂದು ಚುಕ್ಕೆ ಇದ್ದ ಜಾಗ ಖಾಲಿ. ತಲೆಬರಹದಲ್ಲಿ ನೂರಕ್ಕೆ ನೂರು.

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಪಟ್ಟಿ ಮುಚ್ಚಲು ಇನ್ನೂ ಸಮಯವಿತ್ತು. ದೀಪಾವಳಿ ಪುಟಕ್ಕೆ ಹೆಸರು ಕೊಡುವ ಗುಂಡಿ, ಬೂದು ಚುಕ್ಕೆ ಬಂದಾಗಿನಿಂದ ಮಸುಕಾಗಿದ್ದದ್ದು, ಈಗ ಬೆಳಗಿತು. ಭಕ್ತಿ ಅದನ್ನು ಒತ್ತಿದಳು. ‘ಸ್ವೀಕರಿಸಲಾಗಿದೆ’ ಎಂಬ ಅರ್ಥದ ಒಂದು ಪುಟ್ಟ ಸಾಲು ಬಂತು. ಅದನ್ನು ಅವಳು ಓದಿದ್ದಕ್ಕಿಂತ ಹೆಚ್ಚು ಸಲ ಅವನು ಓದಿದ.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಆಯಿಯನ್ನೂ ಕರೆದುಕೊಂಡು ಸುಜಾತಾ ಬಸ್ ಸ್ಟ್ಯಾಂಡಿನ ಕಡೆಯೇ ಬರುತ್ತಿರುವುದು ದೂರದಿಂದ ಕಾಣಿಸಿತು. ಅವರು ಹತ್ತಿರ ಬಂದರೆ ಆಡಿದ ಮಾತೆಲ್ಲ ಅವರ ಕಿವಿಗೂ ಬೀಳುತ್ತದೆ. ಸಮ್ಮೇದ ಕೈಯ ಗ್ರೀಸನ್ನು ಕರವಸ್ತ್ರದಿಂದ ತಿಕ್ಕುತ್ತ, ನೆಲ ನೋಡುತ್ತ ಕೇಳಿದ.

“ಹಂಗಾದ್ರ ನಿಮ್ಮ ಅಪ್ಪಾರು ಎಲ್ಲಾರಿಗೂ ಒಂದು ವರ್ಷ ತಡೀರಿ ಅಂತಾರೇನ್ರಿ?”

ಭಕ್ತಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು. ಬಿಚ್ಚಿದಳು. ನಂತರ ತಲೆ ಎತ್ತಿ, ಬರೆಯದೆ, ಅಳಿಸದೆ, ಬಾಯಿಬಿಟ್ಟೇ ಹೇಳಿದಳು.

“ಇಚಲಕರಂಜಿಯವರಿಗೆ ಅಷ್ಟs ತಡೀರಿ ಅಂತಾರ. ಸಂಕೇಶ್ವರದವರಿಗೆ ಏನೂ ಅಂದಿಲ್ರಿ.”

ಹೇಳಿ ಅವಳು ಬಸ್ಸಿನ ಕಡೆ ನಡೆದಳು. ಹಿಂದಿನಿಂದ ಅವನು ಆಯಿಯನ್ನು, ನಡುರಸ್ತೆಯಲ್ಲೇ, ಮೂಡಲಗಿಗೆ ಮುಂಜಾನೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವುದು ಕೇಳಿಸಿತು.